ಮಂದಮತಿಯೆನಿಸಿಕೊಂಡ ಮಗುವೂ ಜ್ಞಾಪಕವಿದ್ಯೆಯೂ

ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲವೆಂಬ ದೂರು ನಮ್ಮ ಕಾರ್ಯಾಲಯದಲ್ಲಿ ಕೇಳಿಬರುವಷ್ಟು ಬೇರೆ ಯಾವ ದೂರೂ ಕೇಳಿಬರುವುದಿಲ್ಲ. ಕೆಲವು ಸಾರಿ ತಾಯಿಯು ಹೇಳುತ್ತಾಳೆ, ಕೆಲವು ಸಾರಿ ತಂದೆಯು ಹೇಳುತ್ತಾನೆ. ಒಮ್ಮೊಮ್ಮೆ ಹುಡುಗಿಯೇ ತಲೆ ತಗ್ಗಿಸಿಕೊಂಡು ಹೇಳುತ್ತಾಳೆ. ಈ ಮಾತಿನ ಹಿಂದೆ ಒಂದು ನಂಬಿಕೆ ಅಡಗಿದೆ. ಜ್ಞಾಪಕಶಕ್ತಿಯೆಂಬುದು ಹುಟ್ಟುವಾಗಲೇ ಒಬ್ಬರಿಗೆ ಪಾವು, ಒಬ್ಬರಿಗೆ ಸೇರು ಎಂದು ಅಳೆದು ಕೊಟ್ಟ ಪದಾರ್ಥವೆಂದೂ, ಪಾವು ಸಿಕ್ಕಿದವಳಿಗೆ ಶಾಲೆಯಲ್ಲಿ ಮಾಡತಕ್ಕ ಕೆಲಸವೇನೂ ಇಲ್ಲವೆಂದೂ ಜನರು ತಿಳಿದಿರುವರು. ಗಂಡುಮಗನು ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಮತ್ತೊಮ್ಮೆ ಕಟ್ಟಿಸುವ ಮನೆಯವರೇ ಹೆಣ್ಣುಮಗಳು ಒಮ್ಮೆ ತಪ್ಪಿದೊಡನೆ ವರ್ಗಾವಣೆಯ ಪತ್ರವನ್ನು ಕೇಳಲು ಬರುವುದನ್ನು ನಾವು ಬಲ್ಲೆವು. ಆದಕಾರಣ ಈ ನಂಬಿಕೆಯು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದು ಬರಿಯ ಕುತೂಹಲದ ಸಂಗತಿಯಲ್ಲ.

ವಿಚಾರಕ್ಕೆ ಅನುಕೂಲವಾಗಿ ಇಂಗ್ಲೆಂಡು ದೇಶದ ಒಬ್ಬರ ಚರಿತ್ರೆಯನ್ನು ಮೊದಲು ಹೇಳುತ್ತೇವೆ. ಅವರ ಹೆಸರು ಡೊಮಿನಿಕ್ ಓಬ್ರಿಯೆನ್. 1957ರಲ್ಲಿ ಹುಟ್ಟಿದ ಇವರಿಗೆ ಬಾಲ್ಯದಲ್ಲಿ ಅಕ್ಷರಗಳೇ ವೈರಿಗಳಾಗಿದ್ದವು. ಡಿಸ್ಲೆಕ್ಸಿಯಾ ಎಂದು ಈಗ ಹೆಸರಾಗಿರುವ ಓದುವ ಕಷ್ಟವು ಅವರಿಗಿತ್ತು. ಮನಸ್ಸು ಒಂದೆಡೆ ನಿಲ್ಲದಿರುವ ತೊಂದರೆಯೂ ಅದರೊಡನೆ ಸೇರಿತ್ತು. ಅವರ ಶಾಲೆಯ ಪ್ರಗತಿಪತ್ರಗಳಲ್ಲಿ ಉಪಾಧ್ಯಾಯರು ಬರೆದದ್ದೆಲ್ಲ ಬಹುಮಟ್ಟಿಗೆ ಒಂದೇ ರಾಗ: ಹುಡುಗನು ಪಾಠದ ನಡುವೆ ಹಗಲುಗನಸು ಕಾಣುತ್ತಾನೆ, ಗಮನವಿಲ್ಲ, ಹೇಳಿದ್ದು ಉಳಿಯುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಅವರು ಶಾಲೆಯನ್ನು ಬಿಟ್ಟರು. ಅಲ್ಲಿಗೆ ಕಥೆ ಮುಗಿಯಿತೆಂದು ಯಾರಾದರೂ ಹೇಳಬಹುದಾಗಿತ್ತು.

ಸುಮಾರು ಮೂವತ್ತನೆಯ ವಯಸ್ಸಿನಲ್ಲಿ ಅವರು ಬಿ.ಬಿ.ಸಿ.ಯ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಕ್ರೈಟನ್ ಕಾರ್ವೆಲ್ಲೊ ಎಂಬವರು ಕಲಸಿದ ಐವತ್ತೆರಡು ಇಸ್ಪೀಟೆಲೆಗಳ ಕ್ರಮವನ್ನು ಮೂರು ನಿಮಿಷಗಳೊಳಗೆ ನೆನಪಿನಲ್ಲಿಟ್ಟು ತಪ್ಪದೆ ಹೇಳಿದ್ದನ್ನು ನೋಡಿದರು. (ಮಿಷನ್ ಶಾಲೆಯ ಸಂಚಿಕೆಯಲ್ಲಿ ಇಸ್ಪೀಟಿನ ಮಾತು ಬಂದುದಕ್ಕೆ ನಮ್ಮ ಹಿರಿಯರು ಹುಬ್ಬು ಗಂಟಿಕ್ಕಬಾರದು, ಎಲೆಗಳ ಬದಲು ಇತಿಹಾಸದ ಇಸವಿಗಳಿದ್ದರೂ ವಿಷಯವು ಅದೇ.) ಕಾರ್ವೆಲ್ಲೊ ಅವರು ಮನೋರೋಗಿಗಳ ಶುಶ್ರೂಷೆ ಮಾಡುವ ನರ್ಸ್ ಆಗಿದ್ದರು, ದೊಡ್ಡ ಪಂಡಿತರೇನೂ ಅಲ್ಲ. ಇವರಿಗೆ ಸಾಧ್ಯವಾದದ್ದು ತನಗೇಕೆ ಅಸಾಧ್ಯವೆಂದು ಓಬ್ರಿಯೆನ್ ಒಂದು ಕಟ್ಟು ಎಲೆಗಳನ್ನು ಹಿಡಿದು ಕುಳಿತರು. ಮೊದಲ ಯತ್ನಕ್ಕೆ ಅರ್ಧ ಗಂಟೆಗೆ ಸಮೀಪವಾದ ಕಾಲ ಹಿಡಿಯಿತು, ತಪ್ಪುಗಳೂ ಹಲವಾದವು. ಆದರೂ ಬಿಡದೆ ದಿನದಿನವೂ ಪ್ರಯೋಗ ಮಾಡುತ್ತ ಹೋದರು. 1991ರಲ್ಲಿ ಲಂಡನ್ ನಗರದಲ್ಲಿ ಮೊಟ್ಟಮೊದಲನೆಯ ಜಾಗತಿಕ ಜ್ಞಾಪಕ ಸ್ಪರ್ಧೆಯು ನಡೆಯಿತು. ಸ್ಪರ್ಧಿಗಳು ಏಳೇ ಮಂದಿ. ಗೆದ್ದವರು ಓಬ್ರಿಯೆನ್. 2001ರ ವರೆಗೆ ಅವರು ಅದನ್ನು ಒಟ್ಟು ಎಂಟು ಸಾರಿ ಗೆದ್ದರು. 2002ರ ಮೇ ತಿಂಗಳಲ್ಲಿ ಐವತ್ತನಾಲ್ಕು ಕಟ್ಟು, ಅಂದರೆ 2808 ಎಲೆಗಳನ್ನು, ಒಂದೊಂದಾಗಿ ಒಂದೇ ಸಾರಿ ನೋಡಿ ಕ್ರಮವಾಗಿ ಹೇಳಿದರು; ತಪ್ಪಿದ್ದು ಎಂಟು ಮಾತ್ರ. ನಡುವೆ ಈ ಕೌಶಲವನ್ನು ಜೂಜಿನ ಮನೆಗಳಲ್ಲಿ ಉಪಯೋಗಿಸಿದ್ದೂ ಉಂಟು, ಆ ಮನೆಗಳವರು ಅವರಿಗೆ ಬಾಗಿಲು ಮುಚ್ಚಿದ್ದೂ ಉಂಟು. ಆ ಭಾಗವು ನಮಗೆ ಬೇಡ. ನಮಗೆ ಬೇಕಾದುದು ತರುವಾಯದ ಸಂಗತಿ: ಅವರು ತಮ್ಮ ವಿಧಾನವನ್ನು ಗ್ರಂಥಗಳಲ್ಲಿ ಬರೆದರು, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಲಿಸಿದರು, ಓದಿದ್ದು ಉಳಿಯದೆಂಬವರಿಗೆ ಕಲಿಕೆಯ ಶಿಕ್ಷಕರಾದರು.

ಅವರ ವಿಧಾನವೇನು? ಹೊಸದೇನೂ ಅಲ್ಲ. ಗ್ರೀಸ್ ದೇಶದ ಸಿಮೊನಿಡೀಸ್ ಎಂಬ ಕವಿಯ ಹೆಸರಿನಲ್ಲಿ ಒಂದು ಐತಿಹ್ಯವಿದೆ. ಔತಣಶಾಲೆಯ ಮಾಳಿಗೆಯು ಕುಸಿದು ಅತಿಥಿಗಳೆಲ್ಲ ಗುರುತು ಸಿಗದಂತೆ ಸತ್ತರಂತೆ. ಹೊರಗೆ ಹೋಗಿ ಉಳಿದುಕೊಂಡ ಕವಿಯು ಯಾರು ಯಾವ ಸ್ಥಳದಲ್ಲಿ ಕುಳಿತಿದ್ದರೆಂಬುದನ್ನು ನೆನೆದು ಒಬ್ಬೊಬ್ಬರ ಗುರುತನ್ನೂ ಹೇಳಿದನಂತೆ. ಈ ಕಥೆಯನ್ನು ರೋಮಿನ ವಾಗ್ಮಿಯಾದ ಸಿಸೆರೋ ಕ್ರಿಸ್ತಪೂರ್ವ 55ರಲ್ಲಿ ಬರೆದ ಗ್ರಂಥದಲ್ಲಿ ಹೇಳಿದ್ದಾನೆ. ತಾತ್ಪರ್ಯವಿಷ್ಟೇ: ಬರಿಯ ಮಾತು ಮರೆತುಹೋಗುವುದು, ಸ್ಥಳವು ಮರೆಯದು. ಒಗ್ಗರಣೆಯ ಡಬ್ಬಿ ಯಾವ ಹಲಗೆಯ ಮೇಲಿದೆಯೆಂದು ನಮ್ಮ ಹುಡುಗಿಯರಲ್ಲಿ ಯಾರೂ ಬಾಯಿಪಾಠ ಮಾಡಿಲ್ಲ. ಆದರೂ ಕತ್ತಲಲ್ಲಿ ಕೈ ಅಲ್ಲಿಗೇ ಹೋಗುತ್ತದೆ.

ಹಾಗಾದರೆ ನೆನಪಿಡತಕ್ಕ ವಿಷಯಗಳನ್ನು ಚಿತ್ರಗಳಾಗಿ ಮಾಡಿ, ಪರಿಚಿತವಾದ ದಾರಿಯ ಒಂದೊಂದು ಸ್ಥಳದಲ್ಲಿ ಒಂದೊಂದನ್ನು ಇಟ್ಟರೆ ಆಯಿತು. ಎಂಟನೆಯ ತರಗತಿಯವರಿಗೆ ಕರ್ನಾಟಕದ ರಾಜವಂಶಗಳ ಅನುಕ್ರಮವು ಸದಾ ಕಲಸಿಹೋಗುತ್ತದೆ. ಅವರನ್ನು ನಮ್ಮ ಶಾಲೆಯ ಹೆಬ್ಬಾಗಿಲಿನಿಂದ ಹೊರಡಿಸೋಣ. ಬಾಗಿಲಿಗೆ ಅಡ್ಡವಾಗಿ ರಾತ್ರೋರಾತ್ರಿ ಒಂದು ಕದಂಬದ ಮರವು ಬೆಳೆದು ಚೆಂಡಿನಂತಹ ಹೂಗಳನ್ನು ಸುರಿಸುತ್ತಿದೆ. ಒಳಗೆ ಬರಬೇಕಾದರೆ ಕೊಂಬೆಯ ಕೆಳಗೆ ಬಗ್ಗಬೇಕು. ಕದಂಬರಾದರು. ಮುಂದೆ ಶಾಲೆಯ ಗಂಟೆ: ಜವಾನನು ಬಡಿದರೆ ನಾದದ ಬದಲಾಗಿ ನೀರು ಧುಮುಕುತ್ತದೆ, ಗಂಗರಾದರು. ಮೆಟ್ಟಿಲುಗಳ ಮೇಲೆಲ್ಲ ಬಾದಾಮಿಯ ಬೀಜಗಳು ಚೆಲ್ಲಿವೆ, ಗಣಿತದ ಉಪಾಧ್ಯಾಯಿನಿಯವರು ಜಾರುತ್ತಿದ್ದಾರೆ, ಬಾದಾಮಿಯ ಚಾಲುಕ್ಯರು. ಪುಸ್ತಕಾಲಯದಲ್ಲಿ ಒಬ್ಬ ಕಲ್ಲುಕುಟಿಗನು ಛಾವಣಿಯ ಮೇಲೆ ಕುಳಿತು ಉಳಿಯಿಂದ ಕಟ್ಟಡವನ್ನೇ ಮೇಲಿನಿಂದ ಕೆಳಕ್ಕೆ ಕೆತ್ತುತ್ತಿದ್ದಾನೆ, ಎಲ್ಲೋರದ ಕೈಲಾಸನಾಥ ದೇವಾಲಯವನ್ನು ಬಂಡೆಯಲ್ಲಿ ಕೆತ್ತಿಸಿದ ಹಾಗೆ, ರಾಷ್ಟ್ರಕೂಟರು. ಸಭಾಂಗಣದಲ್ಲಿ ಕಲ್ಯಾಣದ ಚಪ್ಪರ, ವಾದ್ಯ, ಕಲ್ಯಾಣದ ಚಾಲುಕ್ಯರು. ನಮ್ಮ ಕಾರ್ಯಾಲಯದ ಬಾಗಿಲು ತೆರೆದರೆ ಕುರ್ಚಿಯಲ್ಲಿ ನಾವಿಲ್ಲ, ಹುಲಿಯಿದೆ, ಸಳನು ಹೊಯ್ಯಲು ಸಿದ್ಧನಾಗಿದ್ದಾನೆ, ಹೊಯ್ಸಳರು. ಊಟದ ಮನೆಯಲ್ಲಿ ಹಂಪೆಯ ಕಲ್ಲಿನ ರಥದ ಮೇಲೆ ಅನ್ನದ ಹಂಡೆ, ವಿಜಯನಗರ. ಈ ದಾರಿಯನ್ನು ಒಂದು ತರಗತಿಯು ಎರಡು ಸಾರಿ ನಡೆದ ಮೇಲೆ ಹಿಂದುಮುಂದಾಗಿ ಕೇಳಿದರೂ ಹೇಳುವುದನ್ನು ನಾವು ಕಂಡಿದ್ದೇವೆ. ಹುಲಿಯನ್ನಂತೂ ಯಾರೂ ಮರೆಯುವುದಿಲ್ಲ.

ಚಿತ್ರವು ವಿಚಿತ್ರವಾಗಿರಬೇಕು, ಚಲಿಸಬೇಕು, ಸ್ವಲ್ಪ ನಗೆ ತರಿಸಬೇಕು. ಇಂತಹ ಚಿತ್ರಗಳನ್ನು ಕಟ್ಟುವುದರಲ್ಲಿ ಯಾರು ಚುರುಕು? ಪಾಠದ ನಡುವೆ ಕಿಟಕಿಯಾಚೆ ನೋಡುವವರು. ಓಬ್ರಿಯೆನ್ ಅವರ ಪ್ರಗತಿಪತ್ರದಲ್ಲಿ ದೋಷವೆಂದು ಬರೆಯಲ್ಪಟ್ಟ ಹಗಲುಗನಸೇ ಅವರ ವಿದ್ಯೆಯ ಬಂಡವಾಳವಾಯಿತೆಂಬುದು ಉಪಾಧ್ಯಾಯವೃತ್ತಿಯವರಾದ ನಾವು ನಿಂತು ಯೋಚಿಸತಕ್ಕ ಮಾತು. ಕನಸನ್ನು ಬಿಡಿಸುವುದಕ್ಕೆ ಎಲ್ಲರೂ ಯತ್ನಿಸಿದರು. ಕನಸಿಗೆ ಕೆಲಸ ಕೊಡಬಹುದೆಂದು ಯಾರಿಗೂ ತೋರಲಿಲ್ಲ.

ಅಂಕೆಗಳನ್ನು ನೆನಪಿಡುವುದಕ್ಕೆ ಅವರು ಒಂದೊಂದು ಅಂಕೆಗೆ ಒಂದೊಂದು ಇಂಗ್ಲಿಷ್ ಅಕ್ಷರವನ್ನು ಗೊತ್ತುಮಾಡಿ, ಎರಡೆರಡು ಅಕ್ಷರಗಳನ್ನು ಒಬ್ಬ ಪರಿಚಿತ ವ್ಯಕ್ತಿಯ ಹೆಸರಿನ ಮೊದಲಕ್ಷರಗಳೆಂದು ಭಾವಿಸಿ, ಆ ವ್ಯಕ್ತಿಯನ್ನು ದಾರಿಯಲ್ಲಿ ನಿಲ್ಲಿಸುತ್ತಾರೆ. ಇದನ್ನು ಓದಿದಾಗ ನಮಗೆ ನಮ್ಮ ದೇಶದ ಕಟಪಯಾದಿ ಪದ್ಧತಿಯು ನೆನಪಿಗೆ ಬಂದಿತು. ಸಂಗೀತ ಕಲಿಯುವ ಹುಡುಗಿಯರಿಗೆ ಇದು ಗೊತ್ತಿರಬೇಕು: ಮೇಚಕಲ್ಯಾಣಿಯಲ್ಲಿ ‘ಮ’ ಎಂದರೆ 5, ‘ಚ’ ಎಂದರೆ 6, ತಿರುಗಿಸಿ ಓದಿದರೆ 65ನೆಯ ಮೇಳಕರ್ತ. ಧೀರಶಂಕರಾಭರಣದಲ್ಲಿ ‘ಧ’ 9, ‘ರ’ 2, ಆದುದರಿಂದ 29. ಅಂಕೆಗೆ ಅಕ್ಷರದ ಉಡುಪು ತೊಡಿಸುವ ಉಪಾಯವು ನಮ್ಮಲ್ಲಿ ಎಂದಿನಿಂದಲೋ ಇದೆ. ಅವಧಾನಕಲೆಯೂ ನಮ್ಮದೇ. ಶತಾವಧಾನಿ ರಾ. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ನೂರು ಮಂದಿ ಪೃಚ್ಛಕರ ಎದುರಿಗೆ ಶತಾವಧಾನವನ್ನು ನಡೆಸಿಕೊಟ್ಟರು. ಆದರೆ ಅಲ್ಲಿ ಧಾರಣೆಯೊಡನೆ ಕವಿತ್ವವೂ ಪಾಂಡಿತ್ಯವೂ ಕೂಡಿರುವುದರಿಂದ ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಓಬ್ರಿಯೆನ್ ಅಂತಹವರ ಮೆದುಳೇ ಬೇರೆ ತರಹದ್ದಿರಬಹುದು, ಸಾಧಾರಣರಿಗೆ ಇದೆಲ್ಲ ಆಗುವ ಮಾತೇ, ಎಂಬ ಸಂದೇಹವು ಏಳುವುದು ಸಹಜ. ಇದನ್ನು ಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. 2003ರಲ್ಲಿ ಲಂಡನ್ನಿನ ಸಂಶೋಧಕರು ಜ್ಞಾಪಕದಲ್ಲಿ ಮೇಲ್ಪಂಕ್ತಿಯವರಾದ ಹತ್ತು ಮಂದಿಯನ್ನು ಸಾಧಾರಣ ಜನರೊಡನೆ ಹೋಲಿಸಿದರು. ಬುದ್ಧಿಯಲ್ಲಿ ವಿಶೇಷ ಹೆಚ್ಚಳವಿರಲಿಲ್ಲ, ಮೆದುಳಿನ ರಚನೆಯಲ್ಲಿ ಭೇದವೂ ಕಾಣಲಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಮೇಲೆ ಹೇಳಿದ ಸ್ಥಳವಿಧಾನವನ್ನೇ ಬಳಸುತ್ತಿದ್ದರು. 2017ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆಯಲ್ಲಿ, ಇಂತಹ ಅಭ್ಯಾಸವೇ ಇಲ್ಲದ ಯುವಜನರು ದಿನಕ್ಕೆ ಅರ್ಧ ಗಂಟೆಯಂತೆ ನಲವತ್ತು ದಿನ ಈ ವಿಧಾನವನ್ನು ಕಲಿತರು. ಮೊದಲು 72 ಪದಗಳ ಪಟ್ಟಿಯಲ್ಲಿ ಮೂವತ್ತನ್ನೂ ದಾಟದಿದ್ದವರು ಅಭ್ಯಾಸದ ತರುವಾಯ ಸರಾಸರಿ ಸುಮಾರು ಮೂವತ್ತೈದು ಪದಗಳನ್ನು ಹೆಚ್ಚಾಗಿ ಹೇಳಿದರು. ನಾಲ್ಕು ತಿಂಗಳ ಮೇಲೆ ನೋಡಿದಾಗಲೂ ಆ ಲಾಭವು ಬಹುಮಟ್ಟಿಗೆ ಉಳಿದಿತ್ತು.

ಇಷ್ಟನ್ನು ಕೇಳಿದ ಕೂಡಲೆ, ಜ್ಞಾಪಕಶಕ್ತಿಯನ್ನು ಇಮ್ಮಡಿ ಮುಮ್ಮಡಿ ಮಾಡಿಕೊಡುತ್ತೇವೆಂದು ಜಾಹೀರಾತು ಕೊಡುವವರ ಬಳಿಗೆ ತಾಯಿತಂದೆಗಳು ಹಣ ಹಿಡಿದು ಓಡಬಾರದು. 1980ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ಒಬ್ಬ ಸಾಧಾರಣ ವಿದ್ಯಾರ್ಥಿಯ ವೃತ್ತಾಂತವನ್ನು ಪ್ರಕಟಿಸಿದರು. ಮೊದಲು ಏಳು ಅಂಕೆಗಳನ್ನು ಮಾತ್ರ ಕೇಳಿ ಹೇಳಬಲ್ಲವನಾಗಿದ್ದ ಈತನು ಇನ್ನೂರು ಗಂಟೆಗಳಿಗೂ ಮೀರಿದ ಅಭ್ಯಾಸದಿಂದ ಎಪ್ಪತ್ತೊಂಬತ್ತು ಅಂಕೆಗಳವರೆಗೆ ಮುಟ್ಟಿದನು. ಈತನು ಓಟಗಾರನಾಗಿದ್ದುದರಿಂದ ಅಂಕೆಗಳನ್ನು ಓಟದ ಕಾಲಾವಧಿಗಳಾಗಿ ಕಟ್ಟಿಕೊಳ್ಳುತ್ತಿದ್ದನು. ಆದರೆ ಅಂಕೆಗಳ ಬದಲು ಅಕ್ಷರಗಳನ್ನು ಹೇಳಿದಾಗ ಪುನಃ ಆರಕ್ಕೇ ನಿಂತನು! ಅಂದರೆ ಪಾವು ಸೇರಾಗಲಿಲ್ಲ. ಪಾವಿನಷ್ಟೇ ಜಾಗದಲ್ಲಿ ಒಂದು ಬಗೆಯ ಧಾನ್ಯವನ್ನು ಅಚ್ಚುಕಟ್ಟಾಗಿ ತುಂಬುವ ಉಪಾಯ ತಿಳಿಯಿತು. ವಿಧಾನವನ್ನು ಕಲಿಸಬಹುದು, ‘ಶಕ್ತಿ’ಯನ್ನು ಬಾಟಲಿಯಲ್ಲಿ ಮಾರಲಾಗದು. ಹೀಗೆ ವಿವೇಚಿಸಿ ನೋಡಿದರೆ ಸಂಗತಿಯು ನಿರಾಶೆಯದಲ್ಲ, ಆಶೆಯದೇ ಆಗಿದೆ. ಯಾಕಂದರೆ ಶಾಲೆಯು ಮಾಡಬಲ್ಲದ್ದು ಕಲಿಸುವುದನ್ನೇ.

ಇನ್ನೊಂದು ಮಾತನ್ನು ಬಿಡಿಸಿ ಹೇಳದಿದ್ದರೆ ನಮ್ಮ ಹುಡುಗಿಯರಿಗೆ ಅನ್ಯಾಯವಾದೀತು. ನೆನಪಿನ ಕಷ್ಟ ಬೇರೆ, ಓದಿನ ಕಷ್ಟ ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಮುಖದಲ್ಲಿ ಕಾಣುತ್ತವೆ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ವಿಜ್ಞಾನದ ಪಾಠವನ್ನು ಕೇಳಿದ ಮರುದಿನ, ನೀರು ಬೇರಿನಿಂದ ಎಲೆಗೆ ಏರುವ ಬಗೆಯನ್ನು ಉಪಾಧ್ಯಾಯಿನಿಗಿಂತ ಚೆನ್ನಾಗಿ ಬಾಯಿಂದ ಹೇಳುವಳು. ಉತ್ತರಪತ್ರಿಕೆಯಲ್ಲಾದರೋ ನಾಲ್ಕು ಸಾಲು, ಅದರಲ್ಲಿಯೂ ಒತ್ತಕ್ಷರಗಳೆಲ್ಲ ಬಿಟ್ಟುಹೋಗಿರುವುವು. ಓದಿದ್ದು ನಿಲ್ಲುವುದಿಲ್ಲವೆಂದು ತಂದೆಯು ಅವಳನ್ನು ಬಿಡಿಸಿ ಹೊಲಿಗೆಯ ಕೆಲಸಕ್ಕೆ ಸೇರಿಸಬೇಕೆಂದು ಬಂದನು. ನಿಲ್ಲದಿರುವುದು ಹೇಗೆ? ಕೇಳಿದ್ದೆಲ್ಲವೂ ನಿಂತಿದೆ. ಓದಿದ್ದು ಒಳಗೇ ಹೋಗಿಲ್ಲ. ಒಳಗೆ ಹೋಗದ್ದು ನಿಲ್ಲಲಿಲ್ಲವೆಂದು ದೂರುವುದು, ಬಾವಿಗೆ ಇಳಿಸದ ಕೊಡವನ್ನು ಸೋರುತ್ತದೆಂದು ಬಯ್ದಂತೆ.

ಈ ಭೇದವನ್ನು ವೈದ್ಯಶಾಸ್ತ್ರವು ಬಹು ಹಿಂದೆಯೇ ಗುರುತಿಸಿತ್ತು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಪರ್ಸಿ ಎಂಬ ಹದಿನಾಲ್ಕು ವಯಸ್ಸಿನ ಹುಡುಗನ ವಿಷಯವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಚುರುಕಾದ ಹುಡುಗ, ಲೆಕ್ಕದಲ್ಲಿ ತೊಂದರೆಯಿಲ್ಲ, ಕಣ್ಣುಗಳೂ ಸರಿ. ಆದರೆ ಓದಲು ಮಾತ್ರ ಬಾರದು. ಪಾಠವೆಲ್ಲವೂ ಬಾಯಿಮಾತಿನಿಂದಲೇ ನಡೆಯುವುದಾದರೆ ಶಾಲೆಯಲ್ಲೆಲ್ಲ ಇವನೇ ಜಾಣನಾಗುವನೆಂದು ಅವನ ಉಪಾಧ್ಯಾಯರು ಹೇಳಿದ್ದರೆಂದು ಮಾರ್ಗನ್ ತಿಳಿಸಿದ್ದಾರೆ. ಆ ಉಪಾಧ್ಯಾಯರ ಹೆಸರು ನಮಗೆ ತಿಳಿಯದಿದ್ದರೂ ಅವರ ಮೇಲೆ ನಮಗೆ ಗೌರವವಿದೆ. ತರುವಾಯ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯರೂ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಉಪಾಧ್ಯಾಯಿನಿಯೂ ಇಂತಹ ಮಕ್ಕಳಿಗೆ ಓದು ಕಲಿಸುವ ಕ್ರಮವೊಂದನ್ನು ರೂಪಿಸಿದರು: ಅಕ್ಷರವನ್ನು ಕಣ್ಣು ನೋಡುವಾಗ ಬಾಯಿ ಧ್ವನಿಯನ್ನು ಹೇಳಬೇಕು, ಕಿವಿ ಕೇಳಬೇಕು, ಕೈ ಅದನ್ನು ಬರೆಯಬೇಕು, ಒಂದು ಗಟ್ಟಿಯಾದ ಮೇಲೆ ಮುಂದಿನದು. ನಮ್ಮ ಅಜ್ಜಂದಿರು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತ ಗಟ್ಟಿಯಾಗಿ ಕೂಗಿ ಅಕ್ಷರ ಕಲಿತದ್ದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಕನ್ನಡವು ನುಡಿದಂತೆ ಬರೆಯುವ ಭಾಷೆಯಾದುದರಿಂದ ನಮ್ಮ ಮಕ್ಕಳಿಗೆ ಈ ಕಷ್ಟವಿರದೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಇಂಗ್ಲಿಷಿನಂತೆ ಕಾಗುಣಿತಕ್ಕೂ ಉಚ್ಚಾರಕ್ಕೂ ಜಗಳವಿಲ್ಲದಿದ್ದರೂ, ಕಾಗುಣಿತ ಒತ್ತಕ್ಷರಗಳು ಸೇರಿ ಮಗುವು ಗುರುತಿಸಬೇಕಾದ ರೂಪಗಳು ನೂರಾರು. ದ, ಧ, ಥಗಳ ನಡುವೆ ಒಂದು ಚುಕ್ಕೆ ಒಂದು ಸೀಳಿನ ಅಂತರ. ಕೆಳಗೆ ಬರೆದದ್ದನ್ನು ಆಮೇಲೆ ಉಚ್ಚರಿಸಬೇಕು. ಚೆನ್ನಾಗಿ ಓದುವ ಮಕ್ಕಳಿಗೂ ಇವೆಲ್ಲ ಕೈವಶವಾಗಲು ಕೆಲವು ವರ್ಷಗಳೇ ಹಿಡಿಯುತ್ತವೆ. ಕಷ್ಟವಿರುವ ಮಗುವು ತಪ್ಪು ಓದುವುದಕ್ಕಿಂತಲೂ ಬಹು ನಿಧಾನವಾಗಿ ಓದುವುದರಿಂದ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ವಾಕ್ಯದ ಕೊನೆಯನ್ನು ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತಿರುವ ಮಗುವಿಗೆ ಹೊಯ್ಸಳರ ಹುಲಿಯನ್ನು ತೋರಿಸಿ ಪ್ರಯೋಜನವೇನು? ಮೊದಲು ಓದನ್ನು ಕಲಿಸಬೇಕು. ಕಲಿಸುತ್ತಿರುವಾಗ ಪಾಠಗಳನ್ನು ಕಿವಿಯ ದಾರಿಯಿಂದ ಮುಟ್ಟಿಸಬೇಕು. ಹೀಗೆ ಬಂದದ್ದನ್ನು ಉಳಿಸಿಕೊಳ್ಳಲು ಮೇಲಿನ ವಿಧಾನವು ಸಹಾಯಕ್ಕೆ ಬರುತ್ತದೆ. ಓಬ್ರಿಯೆನ್ ಅವರ ಗೆಲುವನ್ನು ಡಿಸ್ಲೆಕ್ಸಿಯಾಕ್ಕೆ ಔಷಧವೆಂದು ಭಾವಿಸುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಮೇಲೆ ಹೇಳಿದ ಹುಡುಗಿಗೆ ಒಬ್ಬ ಉಪಾಧ್ಯಾಯಿನಿಯವರು ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಒತ್ತಕ್ಷರಗಳನ್ನು ತಿದ್ದಿಸಿದರು. ಅವಳು ಈಗಲೂ ನಿಧಾನವಾಗಿಯೇ ಓದುತ್ತಾಳೆ. ಆದರೆ ಓದುತ್ತಾಳೆ. ಈಗ ಹತ್ತನೆಯ ತರಗತಿಯಲ್ಲಿದ್ದಾಳೆ.

ಎಲ್ಲ ಹುಡುಗಿಯರಿಗೂ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಬಹು ವೇಗ, ಆಮೇಲೆ ನಿಧಾನ. ಆದುದರಿಂದಲೇ ಪರೀಕ್ಷೆಯ ಹಿಂದಿನ ರಾತ್ರಿ ಹತ್ತು ಸಾರಿ ಓದುವುದಕ್ಕಿಂತ ಹತ್ತು ದಿನಗಳಲ್ಲಿ ಹಂಚಿ ಓದುವುದು ಮೇಲು. ಓಬ್ರಿಯೆನ್ ಅವರು ಐದು ಸಾರಿಯ ನಿಯಮವೆಂದು ಇದಕ್ಕೊಂದು ಲೆಕ್ಕವನ್ನು ಮಾಡಿಕೊಟ್ಟಿದ್ದಾರೆ: ಕಲಿತ ಕೂಡಲೆ ಒಮ್ಮೆ, ಒಂದು ದಿನದ ಮೇಲೆ, ಒಂದು ವಾರದ ಮೇಲೆ, ಒಂದು ತಿಂಗಳ ಮೇಲೆ, ಮೂರು ತಿಂಗಳ ಮೇಲೆ. ಅದೂ ಪುಸ್ತಕವನ್ನು ಮುಚ್ಚಿ ನೆನೆಯಬೇಕೇ ಹೊರತು ತೆರೆದು ಓದುವುದಲ್ಲ. 2006ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಕಾಲೇಜಿನ ವಿದ್ಯಾರ್ಥಿಗಳಲ್ಲಿ ಇದನ್ನು ನೋಡಿದರು. ಐದು ನಿಮಿಷಗಳ ಮೇಲೆ ಕೇಳಿದಾಗ ಪುನಃ ಪುನಃ ಓದಿದವರೇ ಮುಂದಿದ್ದರು. ಒಂದು ವಾರದ ಮೇಲೆ ಕೇಳಿದಾಗ, ಪುಸ್ತಕ ಮುಚ್ಚಿ ನೆನೆದು ಬರೆದವರು ಮುಂದಾದರು. ಓದುತ್ತಿರುವಾಗ ಎಲ್ಲ ಬಂದಂತೆಯೇ ತೋರುವುದರಿಂದ ಹುಡುಗಿಯರು ಮೋಸಹೋಗುತ್ತಾರೆ. ಹಾಸ್ಟೆಲಿನಲ್ಲಿ ರಾತ್ರಿ ಒಂಬತ್ತರ ಮೇಲೆ ದೊಡ್ಡ ದನಿಯಲ್ಲಿ ಒಂದೇ ಪುಟವನ್ನು ಅರೆಯುವವರು ಈ ಸಾಲುಗಳನ್ನು ಎರಡು ಸಾರಿ ಓದಲಿ. ಮೂರನೆಯ ಸಾರಿ ಬೇಡ, ಸಂಚಿಕೆಯನ್ನು ಮುಚ್ಚಿ ಹೇಳಲಿ.

ಕಡೆಯದಾಗಿ ಮಾತಾಪಿತೃಗಳಿಗೆ ಒಂದು ಬಿನ್ನಹ. ಓದಿನ, ಬರಹದ, ಲೆಕ್ಕದ ಇಂತಹ ವಿಶೇಷ ಕಷ್ಟವನ್ನು ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯೆಂಬ ಹೆಸರಿನಿಂದ ಒಪ್ಪಿಕೊಂಡಿದೆ. ಈ ಹೆಸರು ಕೇಳಿ ಮಗಳಿಗೆ ಕಳಂಕ ತಗಲಿತೆಂದು ಹೆದರುವ ಕಾರಣವಿಲ್ಲ. ಮಂದಮತಿಯೆಂಬ ಹೆಸರಿಗಿಂತ ಇದು ಎಷ್ಟೋ ನಿಜವಾದದ್ದು. ತಕ್ಕ ವೈದ್ಯಾಧಿಕಾರಿಗಳ ಪ್ರಮಾಣಪತ್ರವಿದ್ದರೆ ಸಾರ್ವಜನಿಕ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವೇ ಮುಂತಾದ ಸೌಕರ್ಯಗಳು ದೊರೆಯುತ್ತವೆ. ಆದರೆ ಪರೀಕ್ಷೆಗೆ ಒಂದು ತಿಂಗಳಿರುವಾಗ ಬಂದರೆ ನಾವೇನೂ ಮಾಡಲಾರೆವು. ಸಂದೇಹವಿರುವವರು ಹುಡುಗಿಯು ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿರುವಾಗಲೇ, ಅವಳ ನೋಟುಪುಸ್ತಕಗಳನ್ನು ತೆಗೆದುಕೊಂಡು, ಅವಳನ್ನೂ ಕರೆದುಕೊಂಡು ನಮ್ಮನ್ನು ಕಾಣಬೇಕು. ಶನಿವಾರಗಳಲ್ಲಿ ಮಧ್ಯಾಹ್ನದ ವರೆಗೆ ನಾವು ಕಾರ್ಯಾಲಯದಲ್ಲಿ ಇರುತ್ತೇವೆ.